ಅತ್ತೆ ಕೇಳಿದ ಬಾಗಿಲು

ನನ್ನ ಸೋದರಮಾವನ ಹಣೆಯ ಮೇಲೆ, ಕೂದಲು ಶುರುವಾಗುವ ಜಾಗದಲ್ಲಿ, ಹುಣಸೆ ಬೀಜದಷ್ಟು ದೊಡ್ಡ ಕಪ್ಪು ಗಂಟೊಂದಿತ್ತು. ಬಾಗಿಲಿನ ತೊಲೆ ತಾಗಿ ತಾಗಿ ಆದದ್ದು. ಮಾವ ಆರಡಿ ಮೀರಿದ ಆಳು. ಅವರ ಮನೆಯ ಬಾಗಿಲುಗಳು ಅವರ ಕಿವಿಯ ಮಟ್ಟಕ್ಕೇ ಮುಗಿಯುತ್ತಿದ್ದವು. ಹರೆಯದಿಂದಲೂ ತಲೆ ತಗ್ಗಿಸಿ ರೂಢಿಯಾಗಿ, ಮೂಡಿಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಜೀಪಿಗೆ ಕಾಯುವಾಗಲೂ, ದೇವರಮನೆ ಬೆಟ್ಟದ ಹುಲ್ಲಿನಲ್ಲಿ ನಡೆಯುವಾಗಲೂ, ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲದ ಕಡೆಯಲ್ಲೂ ಆಗಾಗ ಕತ್ತು ಬಗ್ಗಿಸಿಬಿಡುತ್ತಿದ್ದರು. ಚಿಕ್ಕವರಾಗಿದ್ದಾಗ ನಾವು ಅವರ ಹಿಂದೆ ಹಾಗೇ ಬಗ್ಗಿ ಬಗ್ಗಿ ನಡೆದು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಆ ಮನೆಯ ಸುದ್ದಿ ಹೇಳದೆ ಮಾವನ ಸುದ್ದಿ ಹೇಳಲಾಗದು. ತೋಟ ಮಾಡಲು ಬಂದ ಇಂಗ್ಲಿಷ್ ದೊರೆಯೊಬ್ಬ ಅದನ್ನು ಕಟ್ಟಿಸಿದ್ದ. ಸುತ್ತಲಿನ ದೊರೆಗಳೆಲ್ಲ ಅಗಲವಾದ ವರಾಂಡದ ಬಂಗಲೆಗಳನ್ನು ಕಟ್ಟಿಸಿಕೊಂಡರೆ, ಈತ ತನ್ನ ಅಪ್ಪ ಇಂಗ್ಲೆಂಡಿನ ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಹಳೆಯ ಮನೆಯನ್ನೇ ನೆನಪಿನಿಂದ ಇಲ್ಲಿ ಎಬ್ಬಿಸಿದ. ಮೊಣಕಾಲೆತ್ತರದ ಕಲ್ಲಿನ ಅಡಿಪಾಯ. ಅದರ ಮೇಲೆ ಹುಲ್ಲು ಸೇರಿಸಿ ತುಳಿದ ಮಣ್ಣಿನ ಗೋಡೆ, ಒಬ್ಬ ಮನುಷ್ಯ ಅಡ್ಡ ಮಲಗಬಹುದಾದಷ್ಟು ದಪ್ಪ ಎಂದು ನಮಗೆ ಅನ್ನಿಸುತ್ತಿತ್ತು. ಮೂಲೆಗಳೆಲ್ಲ ದುಂಡಗೆ. ಮೇಲೆ ಕಡಿದಾದ ಹುಲ್ಲಿನ ಮಾಡು. ಅದು ಎರಡೂ ಕಡೆ ಕಿಟಕಿಗಳ ತನಕ ಇಳಿದು, ಕಿಟಕಿ ಬಂದಲ್ಲಿ ಮಾತ್ರ ಹುಬ್ಬಿನ ಹಾಗೆ ಮೇಲಕ್ಕೆ ಬಾಗಿತ್ತು. ದೂರದಿಂದ ನೋಡಿದರೆ ತಲೆಗೆ ಕಂಬಳಿ ಹೊದ್ದು ಕೂತ ಮುದುಕಿಯಂತೆ ಕಾಣುತ್ತಿತ್ತು. ನನ್ನ ಮುತ್ತಜ್ಜ ಆ ತೋಟದ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ದೊರೆ ಊರಿಗೆ ಹೊರಟಾಗ ಮನೆಯೂ ಅದರ ಸುತ್ತಲಿನ ತುಂಡು ತೋಟವೂ ಅವರ ಪಾಲಿಗೆ ಬಂದವು. ಬೇರೆಯವರು ಹುಲ್ಲು ತೆಗೆದು ಹೆಂಚು ಹೊದಿಸಿದರು. ನಮ್ಮ ಅಜ್ಜ ಖರ್ಚಿಗೆ ಹೆದರಿ ಹುಲ್ಲನ್ನೇ ಉಳಿಸಿಕೊಂಡರು. ಮಾವ ಅದನ್ನು ಉಳಿಸಿಕೊಂಡದ್ದು ಹೆಮ್ಮೆಗೆ.

ಆ ಹೆಮ್ಮೆ ಸಣ್ಣದಾಗಿರಲಿಲ್ಲ. ಪೇಟೆಯಲ್ಲಿ ಯಾರಾದರೂ ಅಪರಿಚಿತರು ಕ್ಯಾಮೆರಾ ಹಿಡಿದು ನಿಂತಿದ್ದರೆ ಸಾಕು, ಮಾವ ಮಾತಾಡಿಸಿ ಮನೆಗೆ ಕರೆತರುತ್ತಿದ್ದರು. ಮಾಡಿನ ಸೂರಿಗೆ ಕೈಯೂರಿ, "ಒಂದು ಮೊಳ ದಪ್ಪ ಉಂಟು ಹುಲ್ಲು. ಹೊರಗೆ ಎಂಥ ಮಳೆ ಹೊಡೀಲಿ, ಒಳಗೆ ಕೂತವರಿಗೆ ಸದ್ದಿಲ್ಲ. ಆಷಾಢದಲ್ಲಿ ನಾನು ಗಡಿಯಾರದ ಟಿಕ್ ಟಿಕ್ ಕೇಳ್ತಾ ಮಲಗ್ತೇನೆ," ಎನ್ನುತ್ತಿದ್ದರು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಬೆಂಕಿಗೂಡು ತೋರಿಸುತ್ತಿದ್ದರು. ನಡುಮನೆಯ ಗೋಡೆಯಲ್ಲಿ ಇಬ್ಬರು ಒಳಗೆ ಕೂರುವಷ್ಟು ದೊಡ್ಡ ಗೂಡು, ಅದರ ಮೇಲೆ ಹೊಗೆ ಕುಡಿದು ಕಪ್ಪಾದ ಒಂದೇ ಮರದ ತೊಲೆ. ಅಲ್ಲಿಂದ ಹೊಗೆಗೂಡು ಮನೆಯ ನಡುವೆಯೇ ಎದ್ದು, ಅಟ್ಟವನ್ನು ಹಾದು, ಹುಲ್ಲನ್ನು ಸೀಳಿ ಹೊರಬರುತ್ತಿತ್ತು. ಬೆಂಕಿಗೂಡಿನ ಪಕ್ಕದಲ್ಲಿ ಬೀರುವಿನದೆಂದು ತೋರುವ ಒಂದು ಪುಟ್ಟ ಬಾಗಿಲು. ಮಾವ ಅದನ್ನು ಕಡೆಗೆ ತೆರೆಯುತ್ತಿದ್ದರು. ಒಳಗೆ ಹೊಗೆಗೂಡಿಗೆ ಅಂಟಿಕೊಂಡು ಸುತ್ತಿ ಸುತ್ತಿ ಮೇಲೇರುವ ಮರದ ಮೆಟ್ಟಿಲು. ನೋಡಿದವರು "ಅಬ್ಬ" ಎನ್ನದೆ ಇರುತ್ತಿರಲಿಲ್ಲ. ಅಟ್ಟದ ಎರಡು ಕೋಣೆಗಳಿಗೆ ಹೋಗಲು ಆ ಮನೆಯಲ್ಲಿ ಇದ್ದ ದಾರಿ ಅದೊಂದೇ.

ಅತ್ತೆಗೆ ಆ ಮನೆಯ ಮೇಲೆ ಅಂಥ ಮೋಹವಿರಲಿಲ್ಲ. ಅವರು ಬಣಕಲ್ ಕಡೆಯ ಹೆಂಚಿನ ಮನೆಯಿಂದ ಬಂದವರು. ಹುಲ್ಲಿನಿಂದ ಉದುರುವ ಧೂಳು, ಇಲಿ, ಇಲಿಯ ಹಿಂದೆ ಬರುವ ಹಾವು, ಎಲ್ಲವೂ ಅವರ ಪಾಲಿನದು. "ನಿನ್ನ ಮಾವಂಗೆ ಇದು ಮ್ಯೂಸಿಯಂ. ಗುಡಿಸೋದು ನಾನು," ಎಂದು ನಗುತ್ತಲೇ ಹೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹೊಲಿಗೆ ಯಂತ್ರವೊಂದಿತ್ತು. ಅಟ್ಟದ ಮೂಡಣ ಕೋಣೆಯ ಕಿಟಕಿಗೆ ಒಳ್ಳೆಯ ಬೆಳಕು ಬರುತ್ತದೆಂದು ಅದನ್ನು ಅಲ್ಲಿ ಇರಿಸಿಕೊಂಡು, ತೋಟದ ಆಳುಗಳ ಲೈನುಮನೆಗಳ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದರು. ನಲವತ್ತೈದು ದಾಟಿದ ಮೇಲೆ ಮಂಡಿನೋವು ಶುರುವಾಯಿತು. ಆ ಸುತ್ತು ಮೆಟ್ಟಿಲು ಅವರಿಗೆ ಕಷ್ಟವಾಗತೊಡಗಿತು. ಇಳಿಯುವಾಗ ಹಿಂದುಮುಂದಾಗಿ, ಮಗುವಿನಂತೆ ಮೆಟ್ಟಿಲುಗಳಿಗೆ ಕೈಯೂರಿ ಇಳಿಯುತ್ತಿದ್ದರು.

ಒಂದು ದಿನ ಊಟದ ಹೊತ್ತಿನಲ್ಲಿ ಅತ್ತೆ ಕೇಳಿದ್ದು ನನಗೆ ನೆನಪಿದೆ. ನಾನು ಕಾಲೇಜಿನ ರಜೆಗೆ ಹೋಗಿದ್ದೆ.

"ರೀ, ಆ ಮೂಡಣ ಗೋಡೇಲಿ ಒಂದು ಬಾಗ್ಲು ಇಡ್ಸಿ. ಹೊರಗಿಂದ ನೇರ ಒಂದು ಮೆಟ್ಲು. ಕಲ್ಲಿಂದಾದ್ರೂ ಆಗ್ತದೆ, ಮರದ್ದಾದ್ರೂ ಆಗ್ತದೆ."

ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು. "ಆ ಗೋಡೆಗೆ ತೂತು ಹೊಡೆಯೋದಾ? ನೂರು ವರ್ಷದ ಮೇಲಾಗಿದೆ ಅದು ನಿಂತು."

"ಗೋಡೆಗೆ ವಯಸ್ಸಾಗಿಲ್ಲ ಸರಿ. ನಂಗೆ ಆಗಿದೆ."

"ಯಂತ್ರ ಕೆಳಗೆ ಇಟ್ಕೊ ಮಾರಾಯ್ತಿ."

"ಕೆಳಗೆ ಬೆಳಕೆಲ್ಲಿ ಉಂಟು? ಮಧ್ಯಾಹ್ನವೇ ಲೈಟು ಹಾಕ್ಬೇಕು." ಅತ್ತೆ ಸೇರಿಸಿದರು: "ಮೇಲೆ ಹೊಗೆ ವಾಸನೆಯೂ ಬರ್ತದೆ ಈಚೆಗೆ. ಗೂಡು ಎಲ್ಲಾದ್ರೂ ಬಿರಿದಿದೆಯೋ ನೋಡ್ಸಿ."

"ಹಳೇ ಮನೆ. ಹೊಗೆ ವಾಸನೆ ಇಲ್ದೆ ಮಲ್ಲಿಗೆ ವಾಸನೆ ಬರ್ತದಾ?"

ಅಲ್ಲಿಗೆ ಆ ಮಾತು ಮುಗಿಯಿತು. ಮಾವ ಕೆಟ್ಟವರಾಗಿರಲಿಲ್ಲ. ಅತ್ತೆಗೆ ಜ್ವರ ಬಂದರೆ ತಾವೇ ಗಂಜಿ ಮಾಡುವವರು. ಆದರೆ ಆ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ದೊರೆಯ ಅಪ್ಪಣೆ ಬೇಕೇನೋ ಎನ್ನುವಂತಿದ್ದರು.

ಮರುವರ್ಷ ಮಾರ್ಚ್ ತಿಂಗಳು. ಹೂಮಳೆ ಇನ್ನೂ ಬಂದಿರಲಿಲ್ಲ. ಕಾಫಿ ಗಿಡದ ಮೊಗ್ಗುಗಳು ಮುದುಡಿಕೊಂಡು ಕಾಯುತ್ತಿದ್ದವು. ಅಂಗಳದ ಮಣ್ಣಿನಿಂದ ಝಳ ಏಳುತ್ತಿತ್ತು. ಕಟ್ಟಡ ವಿನ್ಯಾಸ ಕಲಿಯುವ ಕೆಲವು ವಿದ್ಯಾರ್ಥಿಗಳು ಮನೆ ನೋಡಲು ಬಂದಿದ್ದರು. ನಾನೂ ಅಲ್ಲಿದ್ದೆ. ಅತ್ತೆ ಅವರಿಗೆಲ್ಲ ಕಾಫಿ ಕೊಟ್ಟು, ತೋಟದ ಮೇಸ್ತ್ರಿಯ ಮಗಳ ಮದುವೆಯ ರವಿಕೆ ಬಾಕಿ ಇದೆಯೆಂದು ಅಟ್ಟಕ್ಕೆ ಹೋದರು. ಮಾವ ಎಂದಿನಂತೆ ಸೂರು, ಗೋಡೆ, ಬೆಂಕಿಗೂಡು ಎಲ್ಲ ತೋರಿಸಿದರು. ಒಬ್ಬ ಹುಡುಗಿ, "ಇಷ್ಟು ದೊಡ್ಡ ಗೂಡಲ್ಲಿ ಹೊಗೆ ಮನೆಯೊಳಗೆ ಬರಲ್ವಾ ಸರ್?" ಎಂದು ಕೇಳಿದಳು. ಮಾವನಿಗೆ ಅಷ್ಟೇ ಬೇಕಿತ್ತು. ಆ ಸೆಕೆಯಲ್ಲಿ ಒಣ ಕಾಫಿ ಕಡ್ಡಿಗಳನ್ನೂ ಸಿಲ್ವರ್ ಓಕಿನ ಎರಡು ಸೀಳನ್ನೂ ತಂದು ಬೆಂಕಿ ಹಾಕಿದರು. ಹೊಗೆ ಒಂದೆಳೆಯೂ ಹೊರಬರದೆ ಸರ್‍ರನೆ ಮೇಲೇರಿತು. "ನೋಡಿದ್ರಲ್ಲ? ಈಗ ಹೊರಗೆ ಬನ್ನಿ, ಎಲ್ಲಿಂದ ಹೋಗ್ತದೆ ತೋರಿಸ್ತೇನೆ," ಎಂದು ಎಲ್ಲರನ್ನೂ ಅಂಗಳಕ್ಕೆ ಕರೆತಂದರು.

ನಾವೆಲ್ಲ ತಲೆಯೆತ್ತಿ ನೋಡುತ್ತಿದ್ದೆವು. ಹೊಗೆಗೂಡಿನ ಬಾಯಿಂದ ನೀಲಿ ಹೊಗೆ ನೆಟ್ಟಗೆ ಏಳುತ್ತಿತ್ತು. ಮಾವ ಬೆರಳು ತೋರಿಸಿ ಏನೋ ಹೇಳುತ್ತಿದ್ದರು. ಅದೇ ಹುಡುಗಿ ಮೆಲ್ಲಗೆ, "ಸರ್, ಹುಲ್ಲಿಂದಲೂ ಬರ್ತಿದೆಯಲ್ಲ," ಎಂದಳು.

"ಬಿಸಿಲಿಗೆ ಹಾಗೆ ಕಾಣ್ತದೆ," ಎಂದರು ಮಾವ. ಹೇಳಿ ಮುಗಿಸುವಷ್ಟರಲ್ಲಿ ಅವರ ಬೆರಳು ನಿಧಾನಕ್ಕೆ ಕೆಳಗಿಳಿಯಿತು. ಹೊಗೆಗೂಡಿನ ಬುಡದಲ್ಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗಿ, ಒಮ್ಮೆ ಉಸಿರೆಳೆದ ಹಾಗೆ ಕುಸಿಯಿತು. ಆ ತೂತಿನಿಂದ ಬೆಂಕಿ ಎದ್ದು ನಿಂತಿತು.

ಹೊಗೆಗೂಡು ಅಟ್ಟದ ಮಟ್ಟದಲ್ಲಿ ಬಿರಿದಿತ್ತು. ಕಿಡಿ ಹುಲ್ಲಿನ ಒಳಗಿನಿಂದಲೇ ಹಿಡಿದಿತ್ತು. ತೋಟದವರೆಲ್ಲ ಓಡಿ ಬಂದರು. ಔಷಧಿ ಹೊಡೆಯುವ ಪಂಪು ತಂದು ನೀರು ಹೊಡೆದರು, ಕೊಡದಲ್ಲಿ ಎರಚಿದರು. ಮಳೆ ನೀರು ಒಳಗಿಳಿಯದ ಹಾಗೆ ಹೊದಿಸಿದ ಹುಲ್ಲು ಅದು. ನಾವು ಎರಚಿದ ನೀರೆಲ್ಲ ಅದರ ಮೇಲಿಂದ ಜಾರಿ ನಮ್ಮ ಕಾಲಬುಡಕ್ಕೇ ಬಿತ್ತು. ಒಳಗೆ ಅದು ಒಣಗಿಯೇ ಉರಿಯುತ್ತಿತ್ತು.

ಮಾವ ಮೆಟ್ಟಿಲ ಬಾಗಿಲು ತೆಗೆದರು. ಒಳಗಿನ ಹೊಗೆ ಅವರನ್ನು ಹಿಂದಕ್ಕೆ ತಳ್ಳಿತು. ಮತ್ತೆ ಹೋದರು. ಆ ಸುತ್ತು ಮೆಟ್ಟಿಲ ದಾರಿಯೇ ಈಗ ಇನ್ನೊಂದು ಹೊಗೆಗೂಡಾಗಿತ್ತು. ಹೊರಗೆ ಮೇಸ್ತ್ರಿ ಮೆಣಸು ಕೊಯ್ಯುವ ಏಣಿಯನ್ನು ಮೂಡಣ ಕಿಟಕಿಗೆ ಆನಿಸಿ ಹತ್ತಿದ. ಗೋಡೆಯ ದಪ್ಪದೊಳಗೆ ಹೂತ ಆ ಕಿಟಕಿಯಲ್ಲಿ ಅವನ ತೋಳು ಹೋಯಿತು, ಹೆಗಲು ಹೋಗಲಿಲ್ಲ. ಅತ್ತೆಯ ದನಿ ನನಗೆ ಕೇಳಿಸಿತು. ಅವರು ಕಿರುಚುತ್ತಿರಲಿಲ್ಲ. ದೀಪ ಹೋದಾಗ ಬೆಂಕಿಪೆಟ್ಟಿಗೆ ಕೇಳುವವರ ಹಾಗೆ, "ರೀ, ಬಾಗ್ಲು ಸಿಕ್ತಿಲ್ಲ," ಎಂದರು. ಇನ್ನೊಮ್ಮೆ ಹಾಗೇ ಅಂದರು. ಆಮೇಲೆ ಕಿಟಕಿಯ ಮೇಲಿನ ಹುಲ್ಲಿನ ಹುಬ್ಬು ಉರಿಯುತ್ತ ಕಳಚಿ ಬಿತ್ತು. ಮೇಸ್ತ್ರಿ ಏಣಿಯಿಂದ ಉರುಳಿದ.

ಮಾವನನ್ನು ನಾಲ್ಕು ಜನ ಸೇರಿ ಹೊರಗೆಳೆದು ತಂದರು. ಅಗ್ನಿಶಾಮಕದ ಗಾಡಿ ಆ ಇಕ್ಕಟ್ಟಾದ ತೋಟದ ರಸ್ತೆಯಲ್ಲಿ ಬಂದು ತಲುಪುವಾಗ ಮಾಡು ಒಳಗೆ ಕುಸಿದಾಗಿತ್ತು. ಮಣ್ಣಿನ ಗೋಡೆಗಳು ಮಾತ್ರ ಮೇಲ್ಮೈ ಇಟ್ಟಿಗೆಯಂತೆ ಕೆಂಪಗೆ ಬೆಂದು, ಒಂದು ಬಿರುಕೂ ಬಿಡದೆ ನಿಂತಿದ್ದವು.

ಮಾವ ಹಾಸನದ ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದರು. ಕೈಬೆರಳುಗಳು ಅರ್ಧ ಮಡಚಿದ ಹಾಗೇ ಉಳಿದವು. ಅವರು ಬಂದ ಮೇಲೆ ಮಾಡಲೆಂದು ಉಳಿಸಿದ್ದ ಅತ್ತೆಯ ಕಾರ್ಯದ ದಿನ, ನೆಂಟರೊಬ್ಬರು ಪಕ್ಕದಲ್ಲಿ ಕೂತು, "ಏನ್ ಮಾಡೋದು, ಅವರ ಆಯಸ್ಸು ಅಷ್ಟೇ ಇತ್ತು," ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಾತೂ ಆಡದಿದ್ದ ಮಾವ ಆಗ ಬಾಯಿ ಬಿಟ್ಟರು.

"ಆಯಸ್ಸು ಇತ್ತು. ಬಾಗ್ಲು ಇರ್ಲಿಲ್ಲ."



ಕಾಫಿ ಮೂಟೆ ಇಡುವ ಶೀಟಿನ ಗೋದಾಮಿನಲ್ಲಿ ಮಂಚ ಹಾಕಿಕೊಂಡು ಮಾವ ಇರತೊಡಗಿದರು. ನನ್ನ ಅಮ್ಮ, ಅವರ ತಂಗಿ, ನಮ್ಮ ಮನೆಗೆ ಬಂದಿರಲು ಎಷ್ಟು ಕರೆದರೂ ಬರಲಿಲ್ಲ. ಹಳೆಯ ಕಟ್ಟಡಗಳ ಮೇಲೆ ಪ್ರೀತಿಯಿದ್ದ ಕೆಲವರು ಬಂದು, ಗೋಡೆ ಗಟ್ಟಿಯಾಗಿದೆ, ಮೊದಲಿದ್ದ ಹಾಗೇ ಮಾಡು ಕಟ್ಟಿಸೋಣ, ನಾವೂ ಸಹಾಯ ಮಾಡುತ್ತೇವೆ ಎಂದರು. ನಾನು ಅಲ್ಲೇ ಇದ್ದೆ. ಮಾವ ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಕಟ್ಟಿದ್ರೆ ಜನ ನೋಡೋಕೆ ಬರ್ತಾರೆ," ಎಂದರು. "ನಾನು ಮತ್ತೆ ಬೆಂಕಿ ಹಾಕಿ ತೋರಿಸ್ತೇನೆ. ನನ್ನ ಬುದ್ಧಿ ನಂಗೊತ್ತು. ಬೇಡ."

ಗೋಡೆಗಳ ತಲೆಯ ಮೇಲೆ ಒಂದು ತಗಡೂ ಹೊದಿಸಲು ಅವರು ಬಿಡಲಿಲ್ಲ. ಮಣ್ಣಿನ ಗೋಡೆಗೆ ಮೇಲಿಂದ ನೀರು ಇಳಿಯತೊಡಗಿದರೆ ಮತ್ತೆ ಉಳಿಗಾಲವಿಲ್ಲ. ಮಳೆಗಾಲದಿಂದ ಮಳೆಗಾಲಕ್ಕೆ ಆ ಮನೆ ಕರಗುತ್ತ ಬಂತು. ಮೊದಲು ಅಟ್ಟದ ಮೂಡಣ ಗೋಡೆ ಹೋಯಿತು. ಮಾವ ಗೋದಾಮಿನ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಕೊನೆಗೆ ಹೊಗೆಗೂಡೊಂದೇ ಕಲ್ಲಿನ ಕಂಬದಂತೆ ನಿಂತಿತ್ತು. ಅದನ್ನು ಅವರೇ ಆಳು ಹಿಡಿದು ಕೆಡವಿಸಿದರು.

ಅದಾದ ಮೇಲೆ ಮಾವ ಒಂದು ಕೆಲಸ ಹಿಡಿದರು. ಆ ವರ್ಷಗಳಲ್ಲಿ ನಮ್ಮ ಕಡೆ ಹೋಮ್‌ಸ್ಟೇಗಳು ಹೆಚ್ಚಾಗುತ್ತಿದ್ದವು. ಬಂದವರಿಗೆ ಹಳ್ಳಿಯ ಕಳೆ ಕಾಣಲೆಂದು ಹುಲ್ಲು ಹೊದಿಸಿದ ಗುಡಿಸಲು, ಅಟ್ಟದಲ್ಲಿ ಹಾಸಿಗೆ. ಮಾವ ಬೆಳಗ್ಗೆ ಎದ್ದು ಜೀಪಿನಲ್ಲೋ ಬಸ್ಸಿನಲ್ಲೋ ಅಂಥ ಕಡೆಗೆ ಹೋಗಿ, ಗೇಟಿನ ಹತ್ತಿರ ನಿಂತು, "ಇನ್ನೊಂದು ಬಾಗ್ಲು ಎಲ್ಲಿದೆ?" ಎಂದು ಕೇಳುತ್ತಿದ್ದರು. ಕೆಲವರು ಕಾಫಿ ಕೊಟ್ಟು ಸಾಗಹಾಕುತ್ತಿದ್ದರು. ಕೆಲವರು ಅಷ್ಟನ್ನೂ ಮಾಡುತ್ತಿರಲಿಲ್ಲ. ಒಂದು ಕಡೆ ಅತಿಥಿಗಳ ಎದುರಿಗೆ ಬೆಂಕಿಯ ಮಾತಾಡಿದರೆಂದು ಮಾಲೀಕ ಅವರ ಎದೆಗೆ ಕೈಹಾಕಿ ರಸ್ತೆಗೆ ನೂಕಿದನಂತೆ. ಮರುದಿನ ಮಾವ ಮತ್ತೆ ಅದೇ ಗೇಟಿಗೆ ಹೋದರಂತೆ. ಪೇಟೆಯಲ್ಲಿ ಹುಡುಗರು ಅವರಿಗೆ ‘ಬಾಗಿಲಜ್ಜ’ ಎಂದು ಹೆಸರಿಟ್ಟರು. ಅಮ್ಮ ಅತ್ತಳು. ಮಾವನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

ಆಗ ನಾನು ಮದುವೆಯಾಗಿ ಕಳಸದ ಹತ್ತಿರ ಇದ್ದೆ. ನನ್ನ ಗಂಡ ಕೂಡ ತೋಟದ ಅಂಚಿನಲ್ಲಿ ಒಂದು ಕಾಟೇಜು ಕಟ್ಟಿಸಿದರು: ಮರದ ಅಟ್ಟ, ತಗಡಿನ ಶೀಟು, ಅದರ ಮೇಲೆ ನೋಟಕ್ಕೆ ಹುಲ್ಲು. ಹುಲ್ಲು ಬೇಡವೆಂದು ನಾನು ಜಗಳವಾಡಿದ್ದೆ. ಬುಕಿಂಗ್ ಬರುವುದೇ ಹುಲ್ಲು ನೋಡಿ ಎಂದು ಅವರು ಕೇಳಿರಲಿಲ್ಲ. ಸುದ್ದಿ ತಿಳಿದು ಮಾವ ಬಂದರು. ಕೈಕಾಲು ತೊಳೆಯದೆ ನೇರ ಅಟ್ಟ ಹತ್ತಿದರು.

"ಇಳಿಯೋದು ಎಲ್ಲಿಂದ?"

"ಇದೇ ಮೆಟ್ಲು, ಮಾವ," ಎಂದರು ನನ್ನ ಗಂಡ.

"ಇದು ಉರಿದ್ರೆ?"

"ಹುಲ್ಲು ಬರೀ ಶೋಗೆ. ಕೆಳಗೆ ಶೀಟ್ ಇದೆ. ಎಂಥದೂ ಆಗೋದಿಲ್ಲ."

"ನಾನೂ ಹಾಗೇ ಹೇಳಿದ್ದೆ ಮಾರಾಯ," ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ನೀನು ಕಣ್ಣು ಮುಚ್ಕೊಂಡು ಹಾಸಿಗೆಯಿಂದ ಎದ್ದು ಹೊರಗೆ ಹೋಗು, ನೋಡುವ," ಎಂದರು. ನಾನು ಕಣ್ಣು ಮುಚ್ಚಿ ಎದ್ದೆ. ಗೋಡೆ ತಡಕುತ್ತ ಮೂಲೆಗೆ ಹೋಗಿ ನಿಂತೆ.

ಬಡಗಿಯನ್ನು ಕರೆಸುವ ತನಕ ಮಾವ ನಮ್ಮ ಮನೆಯಿಂದ ಕದಲಲಿಲ್ಲ. ಅಟ್ಟದ ಕೊನೆಯ ಗೋಡೆ ಕೊಯ್ದು, ಅಗಲವಾದ, ಹೊರಕ್ಕೆ ತೆರೆದುಕೊಳ್ಳುವ ಬಾಗಿಲು ಇಡಿಸಿದರು. ಕುದುರೆಮುಖದ ಮುಚ್ಚಿದ ಗಣಿಯ ಖಾಲಿ ಕ್ವಾರ್ಟರ್ಸಿನ ಸಾಮಾನು ಬರುತ್ತಿದ್ದ ಗುಜರಿಯಲ್ಲಿ ಒಂದು ಕಬ್ಬಿಣದ ಮೆಟ್ಟಿಲು ಹುಡುಕಿ, ಲಾರಿಯಲ್ಲಿ ತಾವೇ ಕೂತು ತಂದು ಹೊರಗಡೆ ನಿಲ್ಲಿಸಿದರು. ಮಡಚಿದ ಬೆರಳಿನಿಂದ ನಟ್ಟು ತಿರುಗಿಸಲಾಗದೆ, ಬಡಗಿ ತಿರುಗಿಸಿದ್ದನ್ನು ಒಂದೊಂದನ್ನೂ ಅಲುಗಾಡಿಸಿ ನೋಡಿದರು. ಕಾಟೇಜಿನ ಅಂದ ಅಲ್ಲಿಗೆ ಹೋಯಿತು ಎಂದು ನನ್ನ ಗಂಡ ಬಹಳ ದಿನ ಗೊಣಗಿದರು.

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಸಂಜೆ, ಬಿಸಿಲಿರುವಾಗಲೇ, ಆ ಕಾಟೇಜಿನ ಕೆಳಗಿನ ಕೋಣೆಯ ವಯರಿಂಗ್ ಹೊತ್ತಿಕೊಂಡಿತು. ದಾವಣಗೆರೆ ಕಡೆಯ ಕುಟುಂಬವೊಂದು ಬಂದಿತ್ತು. ಮಗ ಸೊಸೆ ನಮ್ಮ ಮನೆಯ ಜಗಲಿಯಲ್ಲಿ ಟೀ ಕುಡಿಯುತ್ತಿದ್ದರು. ಅಜ್ಜಿ ಎರಡು ಮೊಮ್ಮಕ್ಕಳೊಂದಿಗೆ ಅಟ್ಟದಲ್ಲಿ ಮಲಗಿದ್ದರು. ನಾವು ಓಡಿ ಹೋಗುವಷ್ಟರಲ್ಲಿ ಒಳಗಿನ ಮೆಟ್ಟಿಲು ಉರಿಯುತ್ತಿತ್ತು, ಹುಲ್ಲಿಗೂ ತಗುಲಿತ್ತು. ಹಿಂದುಗಡೆ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಆ ಮೂವರೂ ನಿಂತಿದ್ದರು. ಅಜ್ಜಿಯ ಸೀರೆಯ ತುಂಬ ಮಸಿ. ಮಕ್ಕಳ ಕೈಗಳನ್ನು ಅವರು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಿಡಿಸಲು ನಮಗೆ ಹೊತ್ತು ಹಿಡಿಯಿತು. ಆ ಬಾಗಿಲು ಯಾರು ಇಡಿಸಿದ್ದೆಂದು ಆಮೇಲೆ ನಾನು ಹೇಳಿದೆ. "ಅವರಿಗೆ ನನ್ನ ನಮಸ್ಕಾರ ಹೇಳವ್ವ," ಎಂದರು.

ಮರುದಿನವೇ ನಾನು ಮಾವನ ಹತ್ತಿರ ಹೋದೆ. ಇಷ್ಟು ವರ್ಷಗಳ ಮೇಲೆ ಅವರಿಗೊಂದು ಸಮಾಧಾನ ಕೊಂಡೊಯ್ಯುತ್ತಿದ್ದೇನೆ ಎಂದುಕೊಂಡಿದ್ದೆ. ಮಾವ ಗೋದಾಮಿನ ಮಂಚದ ಮೇಲೆ ಒರಗಿದ್ದರು. ಆ ದಿನದ ಹೊಗೆಯಿಂದ ಕೆಟ್ಟ ಶ್ವಾಸಕೋಶ ಸರಿಯಾಗಿರಲೇ ಇಲ್ಲ. ಮಾತಾಡುವಾಗ ದಮ್ಮು ಕಟ್ಟುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ.

"ಎಲ್ರೂ ಬಂದ್ರಾ?"

"ಬಂದ್ರು ಮಾವ."

"ಅಟ್ಟದಲ್ಲಿ ಹೊಗೆ ಇತ್ತಾ?"

"ತುಂಬ ಇತ್ತಂತೆ. ಕಣ್ಣೇ ಬಿಡೋಕಾಗ್ಲಿಲ್ಲಂತೆ."

"ಆ ಅಜ್ಜಿಗೆ ಕಾಲು ಸರಿ ಇತ್ತಾ?"

"ಇಲ್ಲ. ಮಂಡಿನೋವು. ಕೂತ್ಕೊಂಡೇ ಒಂದೊಂದೇ ಮೆಟ್ಲು ಇಳಿದ್ರಂತೆ."

ಮಾವ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅತ್ತೆ ಹೋದಾಗ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ನೋಡಿರಲಿಲ್ಲ, ಕಾರ್ಯದ ದಿನವೂ ನೋಡಿರಲಿಲ್ಲ. ಈಗ ಅವರ ಬೆನ್ನು ಅಲುಗಾಡುತ್ತಿತ್ತು.

"ಹಾಗಾದ್ರೆ ಅಷ್ಟು ಸಾಕಿತ್ತು," ಎಂದರು.

ನಾನು ಅವರ ಕಾಲ ಹತ್ತಿರ ಕೂತೆ. ಒಂದು ಬಾಗಿಲಿದ್ದಿದ್ದರೂ ಅತ್ತೆ ಉಳಿಯುತ್ತಿರಲಿಲ್ಲವೇನೋ ಎಂಬ ಸಣ್ಣ ಅನುಮಾನವನ್ನು ಅವರು ಅಷ್ಟು ವರ್ಷ ಎಲ್ಲೋ ಒಳಗೆ ಇಟ್ಟುಕೊಂಡಿದ್ದಿರಬೇಕು. ನಾನು ತಂದ ಸುದ್ದಿ ಅದನ್ನೂ ಕಿತ್ತುಕೊಂಡಿತ್ತು.

ಆಮೇಲೆ ಅವರು ಯಾವ ಗೇಟಿಗೂ ಹೋಗಲಿಲ್ಲ. ಊಟ ಕಡಿಮೆಯಾಯಿತು. ಜುಲೈಯಲ್ಲಿ, ಅಮ್ಮ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಾಗ, ಎರಡನೆಯ ಚಮಚ ಬೇಡವೆಂದು ಕೈ ಅಡ್ಡ ಹಿಡಿದು, ಹಾಗೇ ಹೋದರು.

ನಾವು ಕಾಟೇಜನ್ನು ಮತ್ತೆ ಕಟ್ಟಿದ್ದೇವೆ, ಹುಲ್ಲಿಲ್ಲದೆ. ದಾವಣಗೆರೆಯ ಆ ಅಜ್ಜಿ ಹಬ್ಬ ಹುಣ್ಣಿಮೆಗೆ ನನಗೆ ಫೋನ್ ಮಾಡುತ್ತಾರೆ. ಮೊಮ್ಮಕ್ಕಳ ಸುದ್ದಿ ಹೇಳಿ, ಕೊನೆಗೆ "ನಿಮ್ಮ ಮಾವ ಹೆಂಗದಾರವ್ವ?" ಎಂದು ಕೇಳುತ್ತಾರೆ. ಮಾವ ಹೋದದ್ದನ್ನು ಮೊದಲ ಸಲವೇ ತಿಳಿಸಿದ್ದೆ, ವಯಸ್ಸಾದವರು, ಮರೆತುಬಿಡುತ್ತಾರೆ. ಕೇಳಿದಾಗಲೆಲ್ಲ ಮತ್ತೆ ಹೇಳುತ್ತೇನೆ. ಅವರು ಈಗಷ್ಟೇ ಕೇಳಿದವರಂತೆ, "ಒಂದ್ಸಲ ನೋಡ್ಬೇಕಿತ್ತವ್ವ ಅವರನ್ನ," ಎನ್ನುತ್ತಾರೆ.